ಸೊಂಟದ ಪೆಟ್ಟಿಗೆ

ಶೃಂಗೇರಿ
12 ನವೆಂಬರ್ 2006

ಪ್ರೀತಿಯ ಮಹಿಮಾ,

ಕಾಗದದ ಮೊದಲಿಗೆ ಎಲ್ಲರೂ ಸೌಖ್ಯ ಎಂದು ಬರೆಯುವುದು ನಮ್ಮ ರೂಢಿ. ಈ ಸಲ ಬರೆಯಲು ಹೆದರಿಕೆಯಾಗುತ್ತದೆ. ನನ್ನ ಸೌಖ್ಯವನ್ನು ಅಳೆಯಲಿಕ್ಕೇ ನೀನು ಯಂತ್ರ ಕಳಿಸಿದ್ದೀಯಲ್ಲ. ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ ಪೊಟ್ಟಣ ನಿನ್ನೆ ಬಂತು. ಅಷ್ಟು ದೊಡ್ಡ ರಟ್ಟಿನ ಡಬ್ಬಿಯೊಳಗೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಅದಕ್ಕೊಂದು ಎಲಾಸ್ಟಿಕ್ ಪಟ್ಟಿ. ನಿನ್ನ ದೊಡ್ಡಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಎಂತದೂ ಶಬ್ದ ಇಲ್ಲ ಮಾರಾಯ್ತಿ, ಬರುವಾಗಲೇ ಹಾಳಾಗಿರಬೇಕು" ಎಂದರು. ಆಮೇಲೆ ತಾವೇ ಸೊಂಟಕ್ಕೆ ಕಟ್ಟಿಕೊಂಡು ಹಜಾರದಲ್ಲಿ ಎರಡು ಸುತ್ತು ಬಂದರು. ಆ ಎರಡು ಸುತ್ತನ್ನು ನನ್ನ ಲೆಕ್ಕದಿಂದ ಕಳೆಯಲು ನಿನ್ನ ಡಾಕ್ಟರ್ ಸಾರ್‌ಗೆ ಹೇಳು.

ನೀನು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿಡುವುದು, ಆಮೇಲೆ ಕಟ್ಟಿಕೊಂಡರೆ ಮಲಗುವ ತನಕ ಬಿಚ್ಚುವುದಿಲ್ಲ. ಆದರೆ ಇದು ಏನನ್ನು ಎಣಿಸುತ್ತದೆ ಎಂದು ಮಾತ್ರ ನನಗೆ ಗೊತ್ತಾಗಲಿಲ್ಲ. ಬತ್ತಿ ಹೊಸೆಯುತ್ತಾ ಕೂತರೆ ಅದು ಕೆಲಸವಲ್ಲವೇ? ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಕಾಲು ಉರಿದು ಮರಗಟ್ಟಿ, ಯಾರದಾದರೂ ಜಗುಲಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತೇನಲ್ಲ, ಆ ಹೊತ್ತಿನ ನೋವನ್ನು ಯಾರು ಎಣಿಸುತ್ತಾರೆ?

ಆಪರೇಶನ್ ಎಂದರೆ ಹೆದರಿಕೆ ಇಲ್ಲ ಎಂದು ಫೋನಿನಲ್ಲಿ ಹೇಳಿದೆ. ಫೋನು ಹಜಾರದಲ್ಲಿದೆ, ನಿನ್ನ ದೊಡ್ಡಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಬೇರೆ ಏನು ಹೇಳಲಿ? ಹೆದರಿಕೆ ಇದೆ. ಬೆನ್ನುಮೂಳೆಯೊಳಗೆ ನರದ ದಾರಿ ಇಕ್ಕಟ್ಟಾಗಿದೆ, ಬಿಡಿಸಬೇಕು ಎಂದರು ನಿನ್ನ ಸಾರ್. ನನಗೆ ಬೇಕಾದದ್ದು ಒಂದೇ. ಬೆಳಗಿನ ನನ್ನ ಅಡುಗೆಮನೆ ನನಗೆ ಉಳಿಯಬೇಕು. ಇಲ್ಲಿಂದ ನರಸಿಂಹರಾಜಪುರದವರೆಗೆ ನೆಂಟರ ಮನೆಯ ತಿಥಿಗೆ ಮಡಿಯಲ್ಲಿ ಅಡುಗೆ ಮಾಡಲು ನನ್ನನ್ನೇ ಕರೆಯುತ್ತಾರೆ. ಅದೂ ಹೋದರೆ ನಾನು ಈ ಮನೆಯಲ್ಲಿ ಎಂತಕ್ಕೆ?

ನಿನ್ನ ದೊಡ್ಡಮ್ಮ
ಗಂಗಾಂಬಿಕೆ


ಹಾಸ್ಟೆಲ್ಲಿನಿಂದ
20 ನವೆಂಬರ್ 2006

ದೊಡ್ಡಮ್ಮಾ,

ವಾರ ಮುಗಿಸಿ ನೀನು ವಾಪಸು ಕಳಿಸಿದ ಪೆಟ್ಟಿಗೆ ಬಂದು ತಲುಪಿತು. ದೊಡ್ಡಪ್ಪನ ಎರಡು ಸುತ್ತನ್ನು ಸಾರ್‌ಗೆ ಹೇಳಿದೆ, ತುಂಬ ನಕ್ಕರು.

ಇದು ಏಕೆ ಎಂದು ಕೇಳಿದ್ದೀಯ. ಬೆನ್ನಿನ ಆಪರೇಶನ್ ಆದವರನ್ನು "ಹೇಗಿದ್ದೀರಿ" ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಡಾಕ್ಟರಿಗೆ ಬೇಜಾರಾದೀತು ಎಂದು ಕೆಲವರು ಗುಣವಾಗಿದೆ ಎನ್ನುತ್ತಾರೆ. ಮನೆಯವರು ಮತ್ತೆ ಕೆಲಸಕ್ಕೆ ಹಚ್ಚಿಯಾರು ಎಂದು ಕೆಲವರು ಇಲ್ಲ ಎನ್ನುತ್ತಾರೆ. ಅದಕ್ಕೇ ಬಾಯಿಮಾತು ಬೇಡ, ಮನುಷ್ಯ ನಿಜವಾಗಿ ಎಷ್ಟು ಓಡಾಡುತ್ತಾನೆ ಎಂಬುದನ್ನೇ ಆಪರೇಶನ್ನಿನ ಮೊದಲು ಒಂದು ವಾರ, ಆಮೇಲೆ ಒಂದು ವಾರ ಅಳೆದು ನೋಡೋಣ ಎಂಬುದು ಸಾರ್ ಯೋಚನೆ. ಪೆಟ್ಟಿಗೆಗೆ ನಾಚಿಕೆಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ.

ನಿಜ ಹೇಳಬೇಕೆಂದರೆ ನಿನ್ನಂಥವರಿಗೇ ಇದು ಬೇಕು. ಜ್ವರದಲ್ಲಿ ಮೈ ಸುಡುತ್ತಿದ್ದರೂ "ಎಂತದೂ ಇಲ್ಲ ಕೂಸೇ" ಎನ್ನುವವಳು ನೀನು. ನೀನು ಹೇಳದಿದ್ದುದನ್ನು ಪೆಟ್ಟಿಗೆಯಾದರೂ ಹೇಳಲಿ ಎಂದು ನಾನೇ ಹಟ ಹಿಡಿದು ಸಾರ್ ಸಂಶೋಧನೆಯ ಪಟ್ಟಿಯಲ್ಲಿ ನಿನ್ನ ಹೆಸರು ಸೇರಿಸಿದೆ.

ಹೆದರಬೇಡ. ಆಪರೇಶನ್ನಿನ ದಿನ ನಾನು ಬಾಗಿಲಲ್ಲೇ ಇರುತ್ತೇನೆ.

ಮಹಿಮಾ


ಶೃಂಗೇರಿ
18 ಫೆಬ್ರವರಿ 2007

ಪ್ರೀತಿಯ ಮಹಿಮಾ,

ಆಪರೇಶನ್ ಮುಗಿಸಿ ಮನೆಗೆ ಬಂದು ಇಷ್ಟು ದಿನವಾದರೂ ಬರೆಯಲಿಲ್ಲ. ಕೂತು ಬರೆಯಲು ಆಗುತ್ತಿರಲಿಲ್ಲ, ಮಲಗಿ ಬರೆದರೆ ಅಕ್ಷರ ನನಗೇ ಓದಲು ಬರುತ್ತಿರಲಿಲ್ಲ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಆ ಹಳೆಯ ಉರಿ ಹೋಗಿದೆ. ನಿಂತರೆ ತೊಡೆಯಲ್ಲಿ ಕೆಂಡ ಇಟ್ಟ ಹಾಗೆ ಆಗುತ್ತಿತ್ತಲ್ಲ, ಅದು ಇಲ್ಲವೇ ಇಲ್ಲ. ನಿನ್ನ ಸಾರ್ ಕೈಗೆ ಪುಣ್ಯ ಬರಲಿ.

ಇನ್ನೊಂದನ್ನು ಹೇಗೆ ಹೇಳುವುದೋ ತಿಳಿಯುವುದಿಲ್ಲ. ಬಗ್ಗಬಾರದು, ಭಾರ ಎತ್ತಬಾರದು, ನೆಲದಲ್ಲಿ ಕೂರಬಾರದು ಎಂದಿದ್ದಾರೆ. ಅಡುಗೆಮನೆಯನ್ನು ನಿನ್ನ ದೊಡ್ಡಪ್ಪನ ತಮ್ಮನ ಸೊಸೆಗೆ ಬಿಟ್ಟುಕೊಟ್ಟೆ. ಒಳ್ಳೆಯ ಹುಡುಗಿ, ಸಾರಿಗೆ ಇಂಗು ಮಾತ್ರ ಧಾರಾಳವಾಗಿ ಹಾಕುತ್ತಾಳೆ. ನಾನು ನೈಟಿ ಹಾಕಿಕೊಂಡು, ಸೊಂಟಕ್ಕೆ ಒಂದು ಬೆಲ್ಟು, ಅದರ ಮೇಲೆ ನೀನು ಮತ್ತೆ ಕೊಟ್ಟ ಪೆಟ್ಟಿಗೆ ಕಟ್ಟಿಕೊಂಡು ಹಜಾರದ ಕುರ್ಚಿಯಲ್ಲಿ ಕೂರುತ್ತೇನೆ. ನಡೆಯಬೇಕು ಎಂದು ಹೇಳಿದ್ದೀರಲ್ಲ, ಅದಕ್ಕೆ ಬೆಳಿಗ್ಗೆ ಎದ್ದಾಗಿನಿಂದ ಹಜಾರದ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತೇನೆ. ಯಾವ ಕೆಲಸಕ್ಕೂ ಅಲ್ಲ, ಸುಮ್ಮನೆ. ಬಂದವರೆಲ್ಲ "ಎಂತ ಅತ್ತೆ, ಮನೆಯೊಳಗೇ ವಾಕಿಂಗಾ?" ಎಂದು ನಗುತ್ತಾರೆ.

ಬಲಗಾಲಿನದ್ದು ಒಂದು ವಿಚಿತ್ರ. ಆಸ್ಪತ್ರೆಯಿಂದ ಬರುವಾಗ ಸರಿಯಿತ್ತು. ಈಚೆಗೆ ಹೆಬ್ಬೆರಳು ಮೇಲೆ ಬಾ ಎಂದರೆ ಬರುವುದಿಲ್ಲ. ಚಪ್ಪಲಿ ಕಾಲಿನಿಂದ ಜಾರಿಹೋದರೂ ಗೊತ್ತಾಗುವುದಿಲ್ಲ. ನೋವಿಲ್ಲ. ನೋವಿಲ್ಲದ್ದನ್ನು ಕಾಯಿಲೆ ಎನ್ನುತ್ತಾರೋ ಇಲ್ಲವೋ, ನಿನ್ನ ಸಾರ್ ಹತ್ತಿರ ಕೇಳಿ ಬರೆ. ವಾರ ಮುಗಿಯಿತು, ಪೆಟ್ಟಿಗೆಯನ್ನು ಇದರ ಜೊತೆಯೇ ಕಳಿಸಿದ್ದೇನೆ.

ನಿನ್ನ ದೊಡ್ಡಮ್ಮ


ಹಾಸ್ಟೆಲ್ಲಿನಿಂದ
9 ಮಾರ್ಚ್ 2007

ದೊಡ್ಡಮ್ಮಾ, ದೊಡ್ಡಮ್ಮಾ,

ನಿನ್ನ ಅಂಕಿ ನೋಡಿ ನಾನು ಕುಣಿಯುವುದೊಂದು ಬಾಕಿ! ಮೊದಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಓಡಾಟ. ನಮ್ಮ ಇಡೀ ಗುಂಪಿನಲ್ಲಿ ಇಷ್ಟು ಸುಧಾರಿಸಿದವರು ಇನ್ನೊಬ್ಬರಿಲ್ಲ. ಸಾರ್ ನಿನ್ನ ಗ್ರಾಫನ್ನು ಗೋಡೆಗೆ ಅಂಟಿಸಿದ್ದಾರೆ. ಮೇ ತಿಂಗಳಲ್ಲಿ ದೆಹಲಿಯಲ್ಲಿ ದೊಡ್ಡ ಸಮ್ಮೇಳನವಿದೆ, ಅಲ್ಲಿ ನಿನ್ನದನ್ನೇ ತೋರಿಸುತ್ತಾರಂತೆ, ಹೆಸರು ಹೇಳದೆ.

ಕಾಲಿನ ವಿಷಯ ಕೇಳಿದೆ. ಒತ್ತಿಕೊಂಡಿದ್ದ ನರ ಚೇತರಿಸಿಕೊಳ್ಳಲು ಸಮಯ ಬೇಕು, ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಚಿಂತೆ ಬೇಡ ಎಂದರು. ಘಾಟಿ ಇಳಿದು ಬರುವುದು ನಿನಗೆ ಕಷ್ಟ, ಈ ಅಂಕಿ ಇರುವಾಗ ಮುಂದಿನ ತಪಾಸಣೆಗೆ ಬರಬೇಕೆಂದೂ ಇಲ್ಲವಂತೆ.

ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದ್ದೇನೆ. ಅವರ ಸಂತೋಷ ಕೇಳಬೇಕಿತ್ತು ನೀನು. ಪಕ್ಕದಲ್ಲೇ ಇದ್ದೆಯೇನೋ.

ಮಹಿಮಾ


ಶೃಂಗೇರಿ
2 ಏಪ್ರಿಲ್ 2007

ಚಿ. ಮಹಿಮಾಳಿಗೆ ದೊಡ್ಡಪ್ಪ ದತ್ತಮೂರ್ತಿಯ ಆಶೀರ್ವಾದಗಳು.

ನಾನು ಕಾಗದ ಬರೆಯುವವನಲ್ಲ ಎಂದು ನಿನಗೆ ಗೊತ್ತು. ನಿನ್ನ ದೊಡ್ಡಮ್ಮ ಸರಿಯಾದ ದಾರಿಗೆ ಬರಲಿ ಎಂದು ಈ ಪೆನ್ನು ಹಿಡಿದಿದ್ದೇನೆ. ಯಂತ್ರದಲ್ಲಿ ಎರಡು ಪಟ್ಟು ಗುಣವಾದ ಹೆಂಗಸು ಮನೆಯಲ್ಲಿ ಅರ್ಧ ಗುಣವಾದವಳ ಹಾಗೂ ಇಲ್ಲ. ಸಂಜೆ ದೇವಸ್ಥಾನಕ್ಕೆ ಹೊರಡು ಎಂದರೆ ಕಾಲು ಎಳೆಯುತ್ತಾಳೆ. "ಕಾಲು ಕೇಳುದಿಲ್ಲ" ಎನ್ನುತ್ತಾಳೆ. "ಯಾರ ಮಾತು ಕೇಳುದಿಲ್ಲ, ನಿನ್ನದಾ ನನ್ನದಾ?" ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ, ಎದ್ದು ಒಳಗೆ ಹೋದಳು.

ಮೊನ್ನೆ ನರಸಿಂಹರಾಜಪುರದಿಂದ ನನ್ನ ಅಕ್ಕನ ಮಗ ತ್ರ್ಯಂಬಕ ಬಂದಿದ್ದ. ಅಕ್ಕನ ವರ್ಷಾಂತಿಕಕ್ಕೆ ಅಡುಗೆಗೆ ಕರೆಯಲು. ಇವಳು ಆಗುವುದಿಲ್ಲ ಎಂದಳು. ಅವನು, "ಪೆಟ್ಟಿಗೆಯಲ್ಲಿ ಗುಣ ಅಂತ ಬಂದಿದೆಯಂತಲ್ಲ ಅತ್ತೆ, ಮಾವ ಊರೆಲ್ಲ ಹೇಳಿದಾರೆ" ಎಂದ. ನನ್ನ ಅಕ್ಕನ ಕಾರ್ಯಕ್ಕೆ ಬಾರದಷ್ಟು ಏನಾಗಿದೆ ಹೇಳು? ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನು? ನಿಮ್ಮ ಆಸ್ಪತ್ರೆಯವರು ಕಳೆದ ವಾರ ಫೋನ್ ಮಾಡಿ ವಿಚಾರಿಸಿದಾಗ ನಾನೇ ತೆಗೆದುಕೊಂಡು, ಎಲ್ಲ ಗುಣವಾಗಿದೆ ಎಂದು ಹೇಳಿದೆ.

ಹೆದರಿಕೆ ಒಂದು ಅಭ್ಯಾಸವಾಗಿಬಿಟ್ಟಿದೆ ಅವಳಿಗೆ. ಸ್ವಲ್ಪ ಗಟ್ಟಿಯಾಗಿ ಬರೆ. ನೀನು ಹೇಳಿದರೆ ಕೇಳುತ್ತಾಳೆ.

ದತ್ತಮೂರ್ತಿ


ಬಾಳಗಡಿ, ಕೊಪ್ಪ
20 ಏಪ್ರಿಲ್ 2007

ಪ್ರೀತಿಯ ಮಹಿಮಾ,

ನಾಲ್ಕು ದಿನ ನಿನ್ನ ಅಮ್ಮನ ಜೊತೆ ಇದ್ದು ಹೋಗೋಣ ಎಂದು ಇಲ್ಲಿಗೆ ಬಂದಿದ್ದೇನೆ. ನಿಮ್ಮ ಮನೆಯ ಹೊಸಲು ಎಡವಿ ಬಿದ್ದೆ. ಮೂಳೆ ಏನೂ ಆಗಿಲ್ಲ, ಮೊಣಕೈ ತರಚಿದೆ. ನಿನ್ನ ಅಮ್ಮ ಅಳುತ್ತಾ ಎಬ್ಬಿಸಿದಳು. "ನೋಡಿಕೊಂಡು ಕಾಲಿಡು ಅಕ್ಕಾ" ಎಂದಳು. ನೋಡಿಕೊಂಡೇ ಇಟ್ಟಿದ್ದೆ. ಕಾಲು ಎತ್ತಿದ್ದೇನೆ ಎಂದುಕೊಂಡಿದ್ದೆ, ಅದು ಎದ್ದಿರಲಿಲ್ಲ. ನಿನ್ನ ಅಮ್ಮ ನಿನಗೆ ಫೋನ್ ಮಾಡುತ್ತೇನೆ ಎಂದಳು, ಬೇಡ ಎಂದು ಆಣೆ ಹಾಕಿದೆ.

ಇಲ್ಲಿಗೆ ಬರುವಾಗ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಗಿರಿಯಮ್ಮ ಸಿಕ್ಕಿದಳು. ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದಳಲ್ಲ, ಮುತ್ತಿನಕೊಪ್ಪದಲ್ಲಿ ಕೂಲಿಗೆ ಹೋಗುವವಳು. ಅವಳಿಗೂ ಅದೇ ಆಪರೇಶನ್, ಅದೇ ಪೆಟ್ಟಿಗೆ. ಮುಖ ತುಂಬಿಕೊಂಡು ಎಷ್ಟು ಚೆನ್ನಾಗಿದ್ದಾಳೆ! ಆದರೆ ಅವಳ ಅಂಕಿ ಇಳಿದಿದೆಯಂತೆ. "ಅಲ್ಲ ಅಮ್ಮಾ, ಆಗ ನೋವಿದ್ರೂ ಗದ್ದೆಗೆ ಹೋಗ್ಲೇಬೇಕಿತ್ತು, ಅತ್ಕಂಡೇ ಹೋಗ್ತಿದ್ದೆ. ಈಗ ಮಗಳು ಬಿಡದಿಲ್ಲ, ಹಾಯಾಗಿ ಕೂತಿದೀನಿ. ನೀನು ಹಾಳಾಗಿದೀಯ ಅಂತಾರಲ್ಲ ಆಸ್ಪತ್ರೇಲಿ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಗುಣವಾದ ಅವಳು ಹಾಳಾಗಿದ್ದಾಳೆ, ಹಾಳಾದ ನಾನು ಗುಣವಾಗಿದ್ದೇನೆ. ಇದೇನು ಮಹಿಮಾ? ನಿಮ್ಮ ಪೆಟ್ಟಿಗೆಗಳು ಅದಲುಬದಲಾದವೇನೋ ಎಂದು ಮೊದಲು ಅನ್ನಿಸಿತು. ಆಮೇಲೆ ನನ್ನ ಮೇಲೆಯೇ ಅನುಮಾನ ಶುರುವಾಯಿತು. ಅಷ್ಟು ಓದಿದವರು ಅಳೆದು ಹೇಳಿದ್ದಾರೆ. ನಿನ್ನ ದೊಡ್ಡಪ್ಪನೂ ಅದನ್ನೇ ಹೇಳುತ್ತಾರೆ. ಹಾಗಾದರೆ ನನ್ನ ಕಾಲು ಸರಿಯೇ ಇದ್ದು, ಇಲ್ಲ ಎಂದು ನನಗೆ ಅನ್ನಿಸುತ್ತಿರಬಹುದೇ? ಕೆಲಸ ತಪ್ಪಿಸಿಕೊಳ್ಳಲು ಮನಸ್ಸೇ ಈ ಆಟ ಹೂಡಿದೆಯೇ? ನಿನ್ನೆ ಬಾಗಿಲು ಹಾಕಿಕೊಂಡು ಹೆಬ್ಬೆರಳನ್ನೇ ನೋಡುತ್ತಾ ಕೂತೆ. ಏಳು ಎಂದೆ. ಏಳಲಿಲ್ಲ. ಅದು ಸುಳ್ಳು ಹೇಳುತ್ತಿದೆಯೋ ನಾನೋ ಗೊತ್ತಾಗದೆ ಅಳು ಬಂತು.

ದೊಡ್ಡಮ್ಮ


ಹಾಸ್ಟೆಲ್ಲಿನಿಂದ
5 ಮೇ 2007

ಪ್ರೀತಿಯ ದೊಡ್ಡಮ್ಮ,

ನಿನ್ನ ಕಾಗದ, ದೊಡ್ಡಪ್ಪನ ಕಾಗದ ಎರಡನ್ನೂ ಎದುರಿಗಿಟ್ಟುಕೊಂಡು ಕೂತಿದ್ದೇನೆ. ಉತ್ತರಿಸಲು ತಡವಾದದ್ದಕ್ಕೆ ಪರೀಕ್ಷೆ ಕಾರಣ, ಬೈಯಬೇಡ.

ಗಿರಿಯಮ್ಮನ ವಿಷಯ ಸಾರ್ ಹತ್ತಿರ ಕೇಳಿದೆ. ಅವರೂ ತಲೆ ಕೆರೆದುಕೊಂಡರು. ಆದರೆ ನಿನ್ನದು ಸ್ಪಷ್ಟವಾಗಿದೆ ದೊಡ್ಡಮ್ಮ. ಪೆಟ್ಟಿಗೆ ಬರೀ ಒಟ್ಟು ಲೆಕ್ಕ ಕೊಡುವುದಲ್ಲ, ಯಾವ ಹೊತ್ತಿನಲ್ಲಿ ಎಷ್ಟು ಎಂದೂ ತೋರಿಸುತ್ತದೆ. ಆಪರೇಶನ್ನಿಗೆ ಮೊದಲು ಪ್ರತಿ ದಿನವೂ ಬೆಳಗಿನಿಂದ ಮಧ್ಯಾಹ್ನ ಊಟದ ಹೊತ್ತಿನವರೆಗೆ ನಿನ್ನ ಗೆರೆ ಸಪಾಟು, ಅಲುಗಾಟವೇ ಇಲ್ಲ. ಬೆಳಗಿನ ಹೊತ್ತು ಬೆನ್ನು ಅಷ್ಟು ಬಿಗಿದಿದ್ದರಿಂದ ನಿನಗೆ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ ಎಂದು ಸಾರ್ ವಿವರಿಸಿದರು. ಈಗ ನೋಡಿದರೆ ಬೆಳಗಾಗುವ ಮೊದಲೇ ಗೆರೆ ಏಳುತ್ತದೆ. ಮಧ್ಯಾಹ್ನದವರೆಗೆ ಮಲಗಿರುತ್ತಿದ್ದವಳು ಈಗ ಬೆಳಗಿನಿಂದ ನಡೆಯುತ್ತಿದ್ದೀಯ ಎಂದರೆ ಅದು ಗುಣವಲ್ಲದೆ ಮತ್ತೇನು?

ತರಚಿದ ಮೊಣಕೈಗೆ ಮುಲಾಮು ಹಚ್ಚುತ್ತಿರು. ಆದರೆ ಒಮ್ಮೆ ಬಿದ್ದರೆ ಮನಸ್ಸಿನಲ್ಲಿ ಹೆದರಿಕೆ ಕೂತುಬಿಡುತ್ತದೆ, ಕಾಲು ತಾನಾಗಿ ಹಿಂದೆಗೆಯುತ್ತದೆ. ನಿಜ ಹೇಳು, ಹೆದರಿಕೆಯೇ ಅಲ್ಲವೇ?

14ಕ್ಕೆ ನಾವು ದೆಹಲಿಗೆ ಹೊರಡುತ್ತೇವೆ.

ಮಹಿಮಾ


ಶೃಂಗೇರಿ
9 ಮೇ 2007

ಮಹಿಮಾ,

ಮಧ್ಯಾಹ್ನದ ತನಕ ಹಾಸಿಗೆಯಲ್ಲಿದ್ದೆನೇ ನಾನು?

ಈ ಮನೆಗೆ ಕಾಲಿಟ್ಟ ದಿನದಿಂದ ನನ್ನನ್ನು ಬೆಳಕು ಹರಿದ ಮೇಲೆ ಹಾಸಿಗೆಯಲ್ಲಿ ಕಂಡವರು ಯಾರು? ಜ್ವರ ಬಂದಾಗಲೂ ಎದ್ದಿದ್ದೇನೆ. ನಿನ್ನ ಸಾರ್ ಆ ಮಾತನ್ನು ಎಷ್ಟು ಜನರೆದುರು ಹೇಳಿದರು? ದೆಹಲಿಯಲ್ಲೂ ಹೇಳುತ್ತಾರೆಯೇ?

ಬೆಳಿಗ್ಗೆ ಪೆಟ್ಟಿಗೆ ನನ್ನ ಸೊಂಟದಲ್ಲಿ ಇರಲೇ ಇಲ್ಲ. ಹೇಗೆ ಇರುತ್ತದೆ? ಎದ್ದು ಸ್ನಾನ ಮಾಡಿ ಮಡಿ ಉಟ್ಟರೆ ದೇವರ ನೈವೇದ್ಯವಾಗಿ, ಎಲ್ಲರ ಊಟವಾಗುವ ತನಕ ನಾನು ಮಡಿಯಲ್ಲಿ. ಎಷ್ಟು ಜನರ ಸೊಂಟ ಸುತ್ತಿ ಬಂದ ಎಲಾಸ್ಟಿಕ್ ಪಟ್ಟಿಯನ್ನು ಮಡಿಸೀರೆಯ ಮೇಲೆ ಕಟ್ಟಿಕೊಂಡು ದೇವರಿಗೆ ಅನ್ನ ಬೇಯಿಸಲೇ? ಸ್ನಾನಕ್ಕೆ ಬಿಚ್ಚಿಡು, ಆಮೇಲೆ ಕಟ್ಟಿಕೋ ಎಂದೆ ನೀನು. ಊಟವಾಗಿ ಮಡಿ ಬಿಟ್ಟ ಕೂಡಲೇ ಕಟ್ಟಿಕೊಳ್ಳುತ್ತಿದ್ದೆ. ಅದನ್ನೂ ಬಿಡಿಸಿ ಹೇಳಬೇಕಿತ್ತೇ? ರಜೆಯಲ್ಲಿ ಬಂದಾಗಲೆಲ್ಲ "ದೊಡ್ಡಮ್ಮನ್ನ ಮುಟ್ಟಬೇಡ, ಮಡಿಯಲ್ಲಿದಾಳೆ" ಎಂದು ನಿನ್ನ ಅಮ್ಮ ಲಂಗ ಹಿಡಿದು ಎಳೆಯುತ್ತಿದ್ದದ್ದು ಯಾರನ್ನು? ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನಿನಗೆ ಗೊತ್ತಿರಬೇಕಿತ್ತು.

ನೀರು ಸೇದಿದ್ದು, ಒಲೆಯ ಮುಂದೆ ನಿಂತದ್ದು, ದೇವರ ಮನೆಗೂ ಅಡುಗೆಮನೆಗೂ ಓಡಾಡಿದ್ದು ಯಾವುದೂ ನಿಮ್ಮ ಲೆಕ್ಕಕ್ಕೆ ಬಂದಿಲ್ಲ. ಕೆಲಸವೆಲ್ಲ ಮುಗಿದು ಗೋಡೆಗೆ ಒರಗಿ ಕೂತ ಮೇಲಿನ ಗಂಗಾಂಬಿಕೆಯನ್ನು ಅಳೆದಿರಿ. ಈಗ ಮಡಿಯೂ ಇಲ್ಲ, ಅಡುಗೆಯೂ ಇಲ್ಲ, ನೈಟಿ ಹಾಕಿ ಬೆಳಗಿನಿಂದ ಪೆಟ್ಟಿಗೆ ಕಟ್ಟಿಕೊಂಡು ಹಜಾರದಲ್ಲಿ ತಿರುಗಿದ್ದನ್ನು ಎಣಿಸಿದಿರಿ. ನನ್ನ ಅಡುಗೆಮನೆ ಕೈಬಿಟ್ಟು ಹೋದದ್ದೇ ನಿಮ್ಮ ಗ್ರಾಫಿನಲ್ಲಿ ಗುಣವಾಗಿ ಕಂಡಿತೇ ಕೂಸೇ?

ಕೋಪದಲ್ಲಿ ಬರೆದಿದ್ದೇನೆ. ಹರಿದು ಹಾಕಿ ಬೇರೆ ಬರೆಯೋಣ ಎಂದುಕೊಂಡೆ. ಬೇಡ, ಹೀಗೇ ಹೋಗಲಿ. ಕಾಲು ಈಗ ಹಿಮ್ಮಡಿಯ ತನಕ ಜೋಮು ಹಿಡಿದಿದೆ.

ಗಂಗಾಂಬಿಕೆ


ಹಾಸ್ಟೆಲ್ಲಿನಿಂದ
13 ಮೇ 2007

ದೊಡ್ಡಮ್ಮ,

ನಿನ್ನ ಕಾಗದವನ್ನು ಹಿಡಿದುಕೊಂಡೇ ಸಾರ್ ರೂಮಿಗೆ ಓಡಿದೆ. ಮಡಿ ಎಂದರೇನು ಎಂದು ಅವರಿಗೆ ವಿವರಿಸುವಾಗ ನನ್ನ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಗೋಡೆಯ ಗ್ರಾಫನ್ನು ಅವರೇ ಕಿತ್ತರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, "ಹಾಗಾದರೆ ಆ ಕಾಲು?" ನಾನು ನಿನ್ನ ಹಳೆಯ ಕಾಗದಗಳಲ್ಲಿ ಇದ್ದದ್ದನ್ನೆಲ್ಲ ಈ ಸಲ ಒಂದೂ ಬಿಡದೆ ಹೇಳಿದೆ. ಹೆಬ್ಬೆರಳು, ಚಪ್ಪಲಿ, ಹೊಸಲು. ಅವರ ಮುಖ ಸಪ್ಪಗಾಯಿತು.

ತಡಮಾಡದೆ ಬಾ. ನಾಳೆ ನಾವು ರೈಲು ಹತ್ತಲೇಬೇಕು, ಆದರೆ ಸಾರ್ ಜೊತೆಗಿರುವ ಇನ್ನೊಬ್ಬ ಡಾಕ್ಟರಿಗೆ ಎಲ್ಲ ಹೇಳಿಟ್ಟಿದ್ದಾರೆ. ದೊಡ್ಡಪ್ಪನಿಗೆ ಈಗಲೇ ಫೋನ್ ಮಾಡಿದೆ, ಕಾರು ಗೊತ್ತು ಮಾಡುತ್ತೇನೆ ಎಂದರು. ಮಡಿಯ ವಿಷಯ ಹೇಳಿದಾಗ, "ಗುಣ ಅಂತ ಊರೆಲ್ಲ ಹೇಳಿಬಿಟ್ಟೆನಲ್ಲ ನಾನು" ಎಂದರು.

ಇದಕ್ಕೆ ಮೊದಲೇ ನೀನು ಎರಡು ಸಲ ಬರೆದೆ. ನಾನು ಎರಡು ಸಲವೂ ಓದಿದೆ, ನಂಬಲಿಲ್ಲ. ಏಕೆ ನಂಬಲಿಲ್ಲ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ.

ಮಹಿಮಾ


ಆಸ್ಪತ್ರೆಯ ವಾರ್ಡಿನಿಂದ
18 ಮೇ 2007

ಪ್ರೀತಿಯ ಮಹಿಮಾ,

ಇದನ್ನು ನಿನ್ನ ಹಾಸ್ಟೆಲ್ಲಿನ ವಾರ್ಡನ್ ಕೈಯಲ್ಲಿ ಕೊಡಲು ದೊಡ್ಡಪ್ಪನಿಗೆ ಹೇಳಿದ್ದೇನೆ. ನೀನು ದೆಹಲಿಯಿಂದ ಇಳಿದ ಕೂಡಲೇ ಸಿಗುತ್ತದೆ.

ಡಾಕ್ಟರು ಎಳೆ ಪ್ರಾಯದವರು. ಪಾದಕ್ಕೆ ಸೂಜಿ ಚುಚ್ಚಿ ನೋಡಿದರು, ಹಿಮ್ಮಡಿಯ ಮೇಲೆ ನಿಂತು ನಡೆಯಿರಿ ಎಂದರು. ಎರಡು ಹೆಜ್ಜೆಗೇ ವಾಲಿದೆ, ನರ್ಸು ಹಿಡಿದುಕೊಂಡಳು. ಆ ಗುಹೆಯಂಥ ಸ್ಕ್ಯಾನಿಂಗ್ ಯಂತ್ರದೊಳಗೆ ಮತ್ತೆ ಮಲಗಿಸಿದರು. ಮೊದಲು ಬಿಡಿಸಿದ ಜಾಗದ ಪಕ್ಕದಲ್ಲಿ ನರ ಪುನಃ ಒತ್ತಿಕೊಂಡಿದೆಯಂತೆ. ಚಳಿಗಾಲ ಮುಗಿಯುವಾಗಲೇ ಬಂದಿದ್ದರೆ ಕಾಲು ಪೂರ್ತಿ ಉಳಿಯುತ್ತಿತ್ತು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಇರಲು ಪಟ್ಟ ಕಷ್ಟದಿಂದಲೇ ನನಗೆ ಗೊತ್ತಾಯಿತು. ಈಗ ಬಿಡಿಸಿದರೆ ಕಾಲಿಗೆ ಶಕ್ತಿ ಬರಬಹುದು, ಬಾರದೆಯೂ ಇರಬಹುದು. ಬಿಡಿಸದಿದ್ದರೆ ಇರುವುದೂ ಹೋಗಬಹುದು. ಬರುತ್ತದೆ ಎಂದು ಹೇಳುವ ಯಂತ್ರ ಯಾವುದಾದರೂ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು.

"ಹಾಗಾದ್ರೆ ಏನು ಮಾಡೋಣ?" ಎಂದು ಡಾಕ್ಟರು ನಿನ್ನ ದೊಡ್ಡಪ್ಪನ ಮುಖ ನೋಡಿದರು. ಎಲ್ಲ ಡಾಕ್ಟರುಗಳೂ ಅವರ ಮುಖವನ್ನೇ ನೋಡುವುದು. ಅವರು ಯಾವತ್ತಿನ ಹಾಗೆ ಬಾಯಿ ತೆರೆದರು. ಆಮೇಲೆ ಮುಚ್ಚಿದರು. ಶಾಲನ್ನು ಸರಿಮಾಡಿಕೊಂಡರು.

"ಅವಳನ್ನೇ ಕೇಳಿ" ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ತಿಂಗಳು ಇದಕ್ಕೇ ಕಾದಿದ್ದೆ ನೋಡು. ಡಾಕ್ಟರು ಅವಸರ ಮಾಡಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. ನಾನು ಏನೇನೋ ಹೇಳಿದೆ. ಒಳ್ಳೆಯದನ್ನೂ ಹೇಳಿದೆ, ಉರಿ ಹೋದದ್ದನ್ನು. ಕೊನೆಗೆ "ಮಾಡಿ" ಎಂದೆ. ಅಡುಗೆಮನೆಯ ಆಸೆಗೆ ಹಾಗೆಂದೆನೋ, ನಿನ್ನ ದೊಡ್ಡಪ್ಪನ ಮುಖ ನೋಡಲಾಗದೆ ಹೇಳಿದೆನೋ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಸರಿಯೋ ತಪ್ಪೋ ಅದೂ ತಿಳಿಯದು. ಆದರೆ ಹೇಳಿದವಳು ನಾನೇ ಮಹಿಮಾ.

ನಾಳೆ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋಗುತ್ತಾರೆ.

ನಿನ್ನ ದೊಡ್ಡಮ್ಮ